ಮಿಡಿಯುವ ಹೃದಯದ ಚಿತ್ರ
(ಸುವರ್ಣ ಮಹೋತ್ಸವದಲ್ಲಿ ಮಾಡಿದ ಭಾಷಣ)



ಕೆಲವು ವರ್ಷಗಳ ಹಿಂದೆ ಶೇಂಗಾ ಹೊಲದಿಂದ ಬಂದ ನಮ್ಮ ಅಪ್ಪ ಎದೆ ಹಿಡಿದುಕೊಂಡು ಕುಳಿತರು. "ಗ್ಯಾಸ್ ಆಗೇತಿ, ಸೋಡಾ ತರ್ರಿ" ಎಂದರು. ಬೆಳಗಿನವರೆಗೆ ಕಾದೆವು. ಮುಂದೆ ಬೆಂಗಳೂರಿನಲ್ಲಿ ಆಂಜಿಯೋಗ್ರಾಂ ಮಾಡಿದ ವೈದ್ಯರು ಪರದೆಯ ಮೇಲೆ ಮುಚ್ಚಿಹೋದ ರಕ್ತನಾಳ ತೋರಿಸಿದಾಗ ಆ ರಾತ್ರಿಯ ಬೆಲೆ ತಿಳಿಯಿತು. ಅಪ್ಪ ಉಳಿದರು, ಮೊದಲಿನ ಶಕ್ತಿ ಮರಳಲಿಲ್ಲ.

ಈ ಶಾಲೆಯಲ್ಲಿ ನಾನು ಹೃದಯದ ನಾಲ್ಕು ಕೋಣೆಗಳ ಚಿತ್ರ ಬರೆದು ಬಣ್ಣ ಹಚ್ಚಿದ್ದೆ. ಇಂದು ಮಿಡಿಯುವ ಹೃದಯವನ್ನೇ ನೋಡಬಹುದು. ಎಕೋ ಯಂತ್ರ ಶಬ್ದದ ಪ್ರತಿಧ್ವನಿಯಿಂದ ಕವಾಟಗಳ ಚಲನೆ ತೋರಿಸುತ್ತದೆ. ಸಿ.ಟಿ. ಆಂಜಿಯೋ ಸುತ್ತಲಿಂದ ತೆಗೆದ ನೂರಾರು ಎಕ್ಸ್‌ರೇ ನೋಟಗಳನ್ನು ಜೋಡಿಸುತ್ತದೆ. ಹೃದಯ ಬಡಿಯುತ್ತಲೇ ಇರುವುದರಿಂದ, ಇ.ಸಿ.ಜಿ. ಆಧಾರದಲ್ಲಿ ಬಡಿತದ ಒಂದೇ ಹಂತದ ನೋಟಗಳನ್ನು ಆರಿಸಲಾಗುತ್ತದೆ. ಈ ಲೆಕ್ಕವೆಲ್ಲ ಸಾಫ್ಟ್‌ವೇರಿನದು. ಒ.ಸಿ.ಟಿ. ವಿಧಾನದಲ್ಲಿ ರಕ್ತನಾಳದೊಳಗೇ ಬೆಳಕು ಬಿಟ್ಟು, 10ರಿಂದ 20 ಮೈಕ್ರಾನ್‌ನಷ್ಟು ಸೂಕ್ಷ್ಮವಾಗಿ, ಸ್ಟೆಂಟ್ ಸರಿಯಾಗಿ ಕೂತಿದೆಯೇ ಎಂದು ನೋಡುತ್ತಾರೆ.

ಆದರೆ ಈ ಯಂತ್ರಗಳೆಲ್ಲ ದೂರದ ಊರುಗಳಲ್ಲಿವೆ. ಹಳ್ಳಿಯವರಿಗೆ ಮೊದಲ ಆಸರೆ ಸಾದಾ ಇ.ಸಿ.ಜಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇ.ಸಿ.ಜಿ.ಯನ್ನು ದೂರದ ತಜ್ಞರು ಕೂಡಲೇ ನೋಡುತ್ತಾರೆ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಅಗತ್ಯವಿದ್ದವರಿಗೆ ಉಚಿತ.

ಮಕ್ಕಳೇ, ಗಣಿತ, ಭೌತಶಾಸ್ತ್ರ ಚೆನ್ನಾಗಿ ಓದಿರಿ. ನಾಳಿನ ಯಂತ್ರ ನಿಮ್ಮದಾಗಲಿ. ಹಿರಿಯರೇ, ಎದೆ ನೋವು ಬಂದರೆ ಸೋಡಾಕ್ಕೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿರಿ.