ಎಸ್ಸೆಲ್ಸಿ ಆದ ಮೇಲಿನ ಎರಡು ವರ್ಷ
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



"ಗ್ರಾಮಾಂತರ ಶಿಕ್ಷಣದ ಸಮಸ್ಯೆಗಳು" ಅಂತ ಕರಪತ್ರದಲ್ಲಿ ವಿಷಯ ಹಾಕಿದ್ದಾರೆ. ಅಷ್ಟಗಲದ ಚಾಪೆ ಹಾಸಿದರೆ ಯಾರು ಬೇಕಾದರೂ ಬಂದು ಮಲಗಬಹುದು. ಮಂತ್ರಿಗಳೂ ಇದರ ಮೇಲೆ ಮಾತಾಡುತ್ತಾರೆ, ಡೊನೇಷನ್ ಎಣಿಸಿಕೊಳ್ಳುವ ಕಾಲೇಜು ಮಾಲೀಕರೂ ಮಾತಾಡುತ್ತಾರೆ. ನಾವು ಒಂದೇ ತುಂಡು ತೆಗೆದುಕೊಂಡಿದ್ದೇವೆ. ಎಸ್ಸೆಲ್ಸಿ ಪಾಸಾದ ದಿನದಿಂದ ಡಿಗ್ರಿ ಕಾಲೇಜಿನ ಬಾಗಿಲವರೆಗೆ ಎರಡು ವರ್ಷ ಇದೆಯಲ್ಲ, ಪಿಯುಸಿ, ಅದರ ಮಾತು. ನಿಮ್ಮ ನಿಮ್ಮ ಕೇರಿಯನ್ನು ನೆನೆಸಿಕೊಳ್ಳಿ. ನಿಮ್ಮ ಜೊತೆ ಎಸ್ಸೆಲ್ಸಿ ಬರೆದವರು ಎಷ್ಟು ಜನ? ಈ ಹಾಸ್ಟೆಲಿಗೆ ಬಂದವರು ಎಷ್ಟು ಜನ? ಉಳಿದವರೆಲ್ಲ ದಡ್ಡರಾಗಿದ್ದರೇ?

ಮೊದಲು ಕಾನೂನು ನೋಡೋಣ. 2009ರ ಶಿಕ್ಷಣದ ಹಕ್ಕಿನ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ. ಅಂದರೆ ಎಂಟನೇ ಕ್ಲಾಸಿನಲ್ಲಿ ಹಕ್ಕು ಮುಗಿಯಿತು. ಆಮೇಲಿನದು ನಿನ್ನ ಹಣೆಬರಹ. ಪಿಯುಸಿ ಕಾಲೇಜು ಇದ್ದರೆ ಉಂಟು, ಇಲ್ಲದಿದ್ದರೆ ಯಾವ ಕೋರ್ಟಿಗೂ ಹೋಗಿ ಆ ಕಾಯ್ದೆಯ ಹೆಸರಲ್ಲಿ ಕೇಳುವಂತಿಲ್ಲ.

ಇನ್ನೊಂದು ಸಂಗತಿ ಇದೆ. ಕೊಠಾರಿ ಆಯೋಗ 1966ರಲ್ಲಿ ವರದಿ ಕೊಟ್ಟಿತು. ಹತ್ತು ವರ್ಷ, ಎರಡು ವರ್ಷ, ಮೂರು ವರ್ಷ ಎಂಬ ಲೆಕ್ಕ ಅದರದು. ಪಟ್ಟಣದ ಕೇಂದ್ರೀಯ ವಿದ್ಯಾಲಯದಲ್ಲಿ ಓದುವ ಆಫೀಸರನ ಮಗನಿಗೆ ಆ ಎರಡು ವರ್ಷ ಅಂದರೆ ಅದೇ ಸ್ಕೂಲಿನ ಇನ್ನೊಂದು ಕೋಣೆ. ಅದೇ ಮೇಷ್ಟ್ರು, ಅದೇ ಗಂಟೆ, ಅದೇ ಬಸ್ಸು. ನಮಗೆ? ಪಿಯುಸಿ ಅಂದರೆ ಬೇರೆ ಇಲಾಖೆ, ಬೇರೆ ಕಟ್ಟಡ, ಹೆಚ್ಚಾಗಿ ಬೇರೆ ಊರು. ಟಿಸಿ ತಗೋ, ಮಾರ್ಕ್ಸ್ ಕಾರ್ಡ್ ತಗೋ, ನಾಡಕಚೇರಿಯಲ್ಲಿ ನಿಂತು ಜಾತಿ-ಆದಾಯ ಸರ್ಟಿಫಿಕೇಟ್ ಮಾಡಿಸು, ಹೊಸ ಊರಲ್ಲಿ ರೂಮು ಹುಡುಕು. ಹದಿನಾರು ವರ್ಷದ ಹುಡುಗ ಇದನ್ನೆಲ್ಲ ಒಂದು ತಿಂಗಳಲ್ಲಿ ಮಾಡಬೇಕು. ಅಪ್ಪನಿಗೆ ಕೂಲಿ ಬಿಟ್ಟು ಬರಲಾಗದು. ಬಂದರೂ ಆಫೀಸಿನವರು ಏಕವಚನದಲ್ಲಿ ಗದರಿ ಕಳಿಸುತ್ತಾರೆ. ಮೊರಾರ್ಜಿ ಶಾಲೆಯಲ್ಲಿ ಓದಿದವರು ಇಲ್ಲಿ ಇದ್ದೀರಿ. ಬಹುಪಾಲು ಶಾಲೆಗಳು ಹತ್ತಕ್ಕೇ ಮುಗಿಯುತ್ತವೆ. ಆರನೇ ಕ್ಲಾಸಿನಿಂದ ಊಟ, ಬಟ್ಟೆ, ಪುಸ್ತಕ ಕೊಟ್ಟು ಸಾಕಿದ ಸರ್ಕಾರ, ಪರೀಕ್ಷೆ ಮುಗಿದ ದಿನ ಟ್ರಂಕು ಹೊರಿಸಿ ಕೇರಿಗೆ ವಾಪಸು ಕಳಿಸುತ್ತದೆ.

ಹಾಸ್ಟೆಲ್ ಸೀಟಿನ ಕಥೆ ನಿಮಗೆ ನಾವು ಹೇಳಬೇಕೇ? ಕಾಲೇಜು ಶುರುವಾಗಿ ಪಾಠ ಓಡುತ್ತಿರುತ್ತದೆ, ಹಾಸ್ಟೆಲ್ ಲಿಸ್ಟು ಇನ್ನೂ ಬಂದಿರುವುದಿಲ್ಲ. ನಮ್ಮ ಕಾಲದಲ್ಲಿ ಹೀಗೇ ಆಯಿತು. ಬಸ್ ಸ್ಟ್ಯಾಂಡಿನ ಪಕ್ಕ ನೆಂಟರ ಮನೆಯ ಜಗಲಿ ಇದ್ದವರು ಉಳಿದರು. ಜಗಲಿ ಇಲ್ಲದವರು ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋದರು. ಅವರನ್ನು ಫೇಲಾದವರ ಲೆಕ್ಕದಲ್ಲೂ ಹಿಡಿದಿಲ್ಲ, ಯಾಕೆಂದರೆ ಅವರು ಪರೀಕ್ಷೆಗೇ ಕೂತಿಲ್ಲ.

ಈಗ ಮುಖ್ಯ ಮಾತಿಗೆ ಬರೋಣ. ಕಾಲೇಜು ಇದೆ ಅನ್ನಿ. ಹೋಬಳಿಯಲ್ಲಿ ಬೋರ್ಡು ತೂಗುತ್ತಿದೆ, ಶಾಸಕರು ಟೇಪು ಕತ್ತರಿಸಿದ್ದಾರೆ. ಒಳಗೆ ಏನಿದೆ? ಕಲಾ ವಿಭಾಗ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಸ್ವಲ್ಪ ದೊಡ್ಡ ಊರಾದರೆ ವಾಣಿಜ್ಯ ಸೇರಿಸಿರುತ್ತಾರೆ. ವಿಜ್ಞಾನ ಯಾಕಿಲ್ಲ ಅಂದರೆ ಲ್ಯಾಬ್ ಬೇಕು, ಫಿಸಿಕ್ಸಿಗೊಬ್ಬರು, ಕೆಮಿಸ್ಟ್ರಿಗೊಬ್ಬರು, ಬಯಾಲಜಿಗೊಬ್ಬರು, ಗಣಿತಕ್ಕೊಬ್ಬರು ಬೇಕು. ಸೀಮೆಸುಣ್ಣ ಒಂದಿದ್ದರೆ ಇತಿಹಾಸ ನಡೆಯುತ್ತದೆ ಅನ್ನುವುದು ಸರ್ಕಾರದ ಎಣಿಕೆ. ಹೀಗಾಗಿ ನಮ್ಮ ಹುಡುಗ ಏನು ಓದಬೇಕು ಅನ್ನುವುದನ್ನು ಅವನ ತಲೆ ತೀರ್ಮಾನಿಸುವುದಿಲ್ಲ, ಅವನ ಊರಿನ ಕಟ್ಟಡ ತೀರ್ಮಾನಿಸುತ್ತದೆ. ಗಣಿತದಲ್ಲಿ ತೊಂಬತ್ತು ತೆಗೆದ ಹುಡುಗಿ ಸಮಾಜಶಾಸ್ತ್ರದ ಬೆಂಚಿನಲ್ಲಿ ಕೂರುತ್ತಾಳೆ.

ಕಲಾ ವಿಭಾಗವನ್ನು ನಾವು ಹೀಗಳೆಯುತ್ತಿಲ್ಲ. ನಾವೇ ಅದನ್ನು ಓದಿದವರು. ನಾಲ್ಕು ಪದ್ಯ ಬರೆಯಲು ಕಲಿತದ್ದೂ ಅಲ್ಲೇ. ಆದರೆ ಅದನ್ನು ನಾವು ಆರಿಸಿಕೊಳ್ಳಲಿಲ್ಲ ಸ್ವಾಮಿ, ಅಲ್ಲಿ ಬೇರೇನೂ ಇರಲಿಲ್ಲ.

ಇದರ ಪರಿಣಾಮ ಎಲ್ಲಿಗೆ ಹೋಗಿ ಮುಟ್ಟುತ್ತದೆ ನೋಡಿ. 2022ರಲ್ಲಿ ಪರಿಶಿಷ್ಟ ಜಾತಿಯ ಮೀಸಲಾತಿ ಶೇ. 15ರಿಂದ 17ಕ್ಕೆ, ಪರಿಶಿಷ್ಟ ಪಂಗಡದ್ದು 3ರಿಂದ 7ಕ್ಕೆ ಏರಿತು. ಪಟಾಕಿ ಹೊಡೆದೆವು. ಸಿಇಟಿಯಲ್ಲಿ ಗ್ರಾಮೀಣ ಮೀಸಲು ಇದೆ, ಕನ್ನಡ ಮಾಧ್ಯಮದ ಮೀಸಲು ಇದೆ. ಎಲ್ಲಾ ಇದೆ. ಆದರೆ ಪಿಯುಸಿಯಲ್ಲಿ ವಿಜ್ಞಾನ ಓದದೆ ಇದ್ದವನು ಈ ಡಾಕ್ಟರಿ, ಎಂಜಿನಿಯರಿಂಗ್ ಸೀಟಿನ ಹತ್ತಿರ ಸುಳಿಯುವಂತೆಯೇ ಇಲ್ಲ. ಬಿಎಸ್ಸಿ ನರ್ಸಿಂಗೂ ಇಲ್ಲ. ಹೊಲದಲ್ಲೇ ಹುಟ್ಟಿ, ಗೌಡರ ಗದ್ದೆಯಲ್ಲಿ ನಾಟಿ ಮಾಡಿ, ಯಾವ ಪೈರಿಗೆ ಯಾವ ಹುಳ ಅಂತ ಕಣ್ಣು ಮುಚ್ಚಿ ಹೇಳುವ ಕೂಲಿಯವನ ಮಗ ಬಿಎಸ್ಸಿ ಅಗ್ರಿಗೂ ಅರ್ಜಿ ಹಾಕುವಂತಿಲ್ಲ. ಅವನು ಪಿಯುಸಿಯಲ್ಲಿ ಮೊಗಲರ ಇತಿಹಾಸ ಓದಿದ್ದಾನೆ! ಮೀಸಲು ಸೀಟು ಅಟ್ಟದ ಮೇಲಿದೆ, ಏಣಿಯ ನಡುವಿನ ಎರಡು ಮೆಟ್ಟಿಲು ಕಿತ್ತು ಹಾಕಿದ್ದಾರೆ.

ಧೈರ್ಯ ಮಾಡಿ ತಾಲ್ಲೂಕಿಗೆ ಹೋಗಿ ವಿಜ್ಞಾನ ಸೇರಿದವರ ಪಾಡು ಇನ್ನೊಂದು. ಹತ್ತು ವರ್ಷ ಕನ್ನಡದಲ್ಲಿ ಓದಿದವನಿಗೆ ಜೂನ್ ತಿಂಗಳ ಮೊದಲ ದಿನದಿಂದ ಇಂಗ್ಲಿಷಿನಲ್ಲಿ ಪಾಠ. "ದ್ಯುತಿಸಂಶ್ಲೇಷಣೆ" ಗೊತ್ತಿದ್ದವನು "ಫೋಟೋಸಿಂಥೆಸಿಸ್" ಅಂದಾಗ ಬಾಯಿ ಬಿಡುತ್ತಾನೆ. ವಿಷಯ ಅದೇ, ಅವನಿಗೆ ಗೊತ್ತಿರುವುದೇ. ಅಷ್ಟು ತಿಳಿಸಲು ಎರಡು ತಿಂಗಳ ಸೇತುಬಂಧ ಪಾಠ ಸಾಕು. ಪಾಠ ಮಾಡುವವರು ಅತಿಥಿ ಉಪನ್ಯಾಸಕರು. ಕಾಲೇಜು ಶುರುವಾದ ಮೇಲೆ ಅವರ ನೇಮಕದ ಆದೇಶ ಬರುತ್ತದೆ. ಅವರೂ ನಮ್ಮಂಥ ಬಡವರೇ, ಅವರ ಮೇಲೆ ನಮಗೆ ಸಿಟ್ಟಿಲ್ಲ.

2025ರ ದ್ವಿತೀಯ ಪಿಯುಸಿ ಮೊದಲ ಪರೀಕ್ಷೆಯ ಫಲಿತಾಂಶ ನೋಡಿದ್ದೀರಿ. ಉಡುಪಿ ಶೇ. 93.90. ಯಾದಗಿರಿ ಶೇ. 48.45. ಒಂದೇ ರಾಜ್ಯ, ಒಂದೇ ಪ್ರಶ್ನೆಪತ್ರಿಕೆ. ಪತ್ರಿಕೆಗಳು ಪ್ರತಿ ವರ್ಷ ಇದನ್ನು ಕಬಡ್ಡಿ ಪಂದ್ಯದ ಹಾಗೆ ಬರೆಯುತ್ತವೆ: ಯಾರು ಮೊದಲು, ಯಾರು ಕೊನೆ. ಕೊನೆ ಯಾಕೆ ಅಂತ ಡಾ. ನಂಜುಂಡಪ್ಪ ಸಮಿತಿ 2002ರಲ್ಲೇ ಬರೆದಿಟ್ಟಿದೆ. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಗುಲ್ಬರ್ಗ ವಿಭಾಗದವು. ಸುಗ್ಗಿ ಮುಗಿದ ಮೇಲೆ ಅಪ್ಪ ಅವ್ವ ಗುಳೆ ಹೋದರೆ ಹುಡುಗ ಯಾರ ಮನೆಯಲ್ಲಿ ಉಂಡು ಪರೀಕ್ಷೆಗೆ ಓದಬೇಕು? ಅಲ್ಲಿ ಹಾಸ್ಟೆಲ್ ಅಂದರೆ ಪಠ್ಯಪುಸ್ತಕದಷ್ಟೇ ಅಗತ್ಯ.

ತಂಗಿಯರ ಮಾತು ಬೇರೆಯೇ ಇದೆ. ಹೆಣ್ಣುಮಕ್ಕಳ ಮದುವೆಗೆ ಕಾನೂನು ಹದಿನೆಂಟು ಅನ್ನುತ್ತದೆ. ಎಸ್ಸೆಲ್ಸಿ ಮುಗಿಯುವಾಗ ಹುಡುಗಿಗೆ ಹದಿನಾರು. ನಡುವೆ ಉಳಿದ ಎರಡು ವರ್ಷ ಸರಿಯಾಗಿ ಪಿಯುಸಿಯ ಎರಡು ವರ್ಷ. ಹತ್ತಿರದಲ್ಲಿ ಕಾಲೇಜು ಇದ್ದರೆ "ಓದ್ತಾ ಅವಳೆ" ಅನ್ನುವ ಒಂದು ಮಾತು ಮನೆಯಲ್ಲಿ ಅವಳನ್ನು ಕಾಯುತ್ತದೆ. ಇಲ್ಲದಿದ್ದರೆ ಗಾರ್ಮೆಂಟ್ಸ್, ಇಲ್ಲಾ ಸೋದರಮಾವ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಬಸ್ಸು ಬಿಟ್ಟಿ. ಒಳ್ಳೆಯದೇ, ನಮ್ಮವ್ವನೂ ಧರ್ಮಸ್ಥಳ ನೋಡಿ ಬಂದಳು. ಆದರೆ ಬೆಳಿಗ್ಗೆ ಎಂಟಕ್ಕೆ ಬರಬೇಕಾದ ಬಸ್ಸು ಹತ್ತಕ್ಕೆ ಬಂದರೆ, ಸಂಜೆ ಬರದೇ ಇದ್ದರೆ, ಬಿಟ್ಟಿ ಟಿಕೆಟು ಹಿಡಿದು ಕತ್ತಲಲ್ಲಿ ನಿಂತ ಹುಡುಗಿಯನ್ನು ಮಾರನೇ ದಿನ ಯಾರು ಕಳಿಸುತ್ತಾರೆ?

ದುಡ್ಡಿನ ಮಾತು. ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ, 2020-21ರಿಂದ ಬದಲಾದ ದರದಂತೆ, ಪಿಯುಸಿ ಓದುವ ಪರಿಶಿಷ್ಟ ಜಾತಿಯ ಮಗು ಮನೆಯಿಂದ ಓಡಾಡಿದರೆ ವರ್ಷಕ್ಕೆ 2,500 ರೂಪಾಯಿ. ದಿನಕ್ಕೆ ಏಳು ರೂಪಾಯಿಯೂ ಆಗದು. ಒಂದು ಟೀ. 2013ರಲ್ಲಿ ನಮ್ಮ ರಾಜ್ಯವೇ ಉಪಯೋಜನೆಯ ಕಾಯ್ದೆ ಮಾಡಿತು, ಜನಸಂಖ್ಯೆಗೆ ತಕ್ಕ ಹಣ ಅಂದರೆ ಶೇ. 24.1 ನಮ್ಮದು. ಅದರಲ್ಲಿ 7ಡಿ ಎಂಬ ಕಿಂಡಿ ಇಟ್ಟು ಬೇರೆ ಕೆಲಸಕ್ಕೆ ಹರಿಸಿದರು. 2023ರಲ್ಲಿ ಹೋರಾಟದ ಒತ್ತಾಯಕ್ಕೆ ಕಿಂಡಿ ಮುಚ್ಚಿದರು. ಆಮೇಲೂ ಆ ಹಣ ಗ್ಯಾರಂಟಿಗಳಿಗೆ ಹೋಯಿತು ಅಂತ ಸದನದಲ್ಲೇ ಜಗಳವಾಯಿತು. ಆ ಹಣದಲ್ಲಿ ಹೋಬಳಿಗೊಂದು ಲ್ಯಾಬ್ ಕಟ್ಟಿ ಅಂತ ನಾವು ಎಷ್ಟು ಸಲ ಕೇಳಿದ್ದೇವೆ?

ಬಾಬಾಸಾಹೇಬರು ಬೊಂಬಾಯಿಯಲ್ಲಿ 1946ರಲ್ಲಿ ಸಿದ್ಧಾರ್ಥ ಕಾಲೇಜು ತೆರೆದರು. ಅಲ್ಲಿಗೇ ನಿಲ್ಲಲಿಲ್ಲ. 1950ರಲ್ಲಿ ಹಿಂದುಳಿದ ಮರಾಠವಾಡಕ್ಕೆ ಹೋಗಿ ಔರಂಗಾಬಾದಿನಲ್ಲಿ ಕಾಲೇಜು ಕಟ್ಟಿದರು, ಅದೇ ಮಿಲಿಂದ ಕಾಲೇಜು. ಆಗ ಔರಂಗಾಬಾದ್ ಇದ್ದದ್ದು ಹೈದರಾಬಾದ್ ರಾಜ್ಯದಲ್ಲಿ. ನಮ್ಮ ಬೀದರ, ಗುಲ್ಬರ್ಗ, ರಾಯಚೂರು ಕೂಡ 1956ರವರೆಗೆ ಅದೇ ರಾಜ್ಯ. ಮಕ್ಕಳು ಇರುವ ಕಡೆಗೆ ಕಾಲೇಜು ಹೋಯಿತು. ಆ ಮಿಲಿಂದದಲ್ಲಿ ಓದಿದ ಸುಖದೇವ್ ಥೋರಟ್ ಅವರೇ ನಮ್ಮ ರಾಜ್ಯದ ಶಿಕ್ಷಣ ನೀತಿ ಆಯೋಗದ ಅಧ್ಯಕ್ಷರಾಗಿ 2025ರ ಆಗಸ್ಟಿನಲ್ಲಿ ವರದಿ ಕೊಟ್ಟರು. ಎರಡು, ಎಂಟು, ನಾಲ್ಕು ಎಂಬುದು ಅವರ ಲೆಕ್ಕ. ಒಂಬತ್ತರಿಂದ ಹನ್ನೆರಡು ಒಂದೇ ಹಂತ. ಇದು ಜಾರಿಯಾದರೆ ನಮ್ಮ ಹೈಸ್ಕೂಲಿನಲ್ಲೇ ಪಿಯುಸಿ ಬರಬಹುದು. ಆದರೆ ಬೋರ್ಡು ಬದಲಾಯಿಸಿ ಸುಮ್ಮನಾದರೆ? ದೊಡ್ಡ ಶಾಲೆಯ ನೆಪದಲ್ಲಿ ಕೇರಿ ಪಕ್ಕದ ಸಣ್ಣ ಶಾಲೆ ಮುಚ್ಚಿದರೆ? ಅದನ್ನು ಕಾಯುವವರು ನಾವೇ.

ಘೋಷಣೆ ಕೂಗುವ ಮೊದಲು ಲೆಕ್ಕ ಕೈಗೆ ಬರಲಿ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ನಿಮ್ಮ ಜಿಲ್ಲೆಯ ಪದವಿ ಪೂರ್ವ ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಕಚೇರಿಗೆ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಜಾಸ್ತಿ ಬರೆದರೆ ಅದೇ ನೆಪ ಹೇಳಿ ವಾಪಸು ಕಳಿಸುತ್ತಾರೆ. ನಿಮ್ಮ ತಾಲ್ಲೂಕಿನ ಯಾವ ಸರ್ಕಾರಿ ಕಾಲೇಜಿನಲ್ಲಿ ವಿಜ್ಞಾನ ಇದೆ, ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಇಷ್ಟು ಕೇಳಿ ಸಾಕು. ಹಾಸ್ಟೆಲಿಗೆ ಅರ್ಜಿ ಹಾಕಿದವರೆಷ್ಟು, ಸೀಟು ಸಿಕ್ಕವರೆಷ್ಟು ಅನ್ನುವುದನ್ನು ಸಮಾಜ ಕಲ್ಯಾಣ ಇಲಾಖೆಗೆ ಬೇರೆ ಅರ್ಜಿಯಲ್ಲಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಶುಲ್ಕ ಹತ್ತು ರೂಪಾಯಿ, ಬಿಪಿಎಲ್ ಕಾರ್ಡಿನ ನಕಲು ಲಗತ್ತಿಸಿದರೆ ಅದೂ ಬೇಡ. ಎರಡೂ ಅರ್ಜಿಯ ಮಾದರಿ ನಾವು ಬರೆದು ತಂದಿದ್ದೇವೆ, ಬಾಗಿಲ ಹತ್ತಿರದ ಬೆಂಚಿನ ಮೇಲಿದೆ. ತಾಲ್ಲೂಕಿಗೆ ಇಬ್ಬರಂತೆ ಹೆಸರು ಬರೆಸಿ, ಪ್ರತಿ ತಗೊಂಡು ಹೋಗಿ.