ಬಳ್ಳಿಗೆ ನಂಜು, ಅಂಗಡಿಯಲ್ಲಿ ಉದ್ರಿ



ಆಳಂದ, ಅಫಜಲಪುರ, ಜೇವರ್ಗಿ ಕಡೆಯವರಿಗೆ ತೊಗರಿಯ ಗೊಡ್ಡು ರೋಗ ಹೊಸದಲ್ಲ. ಗಿಡ ಹಸಿರಾಗಿ ಪೊದೆಯಂತೆ ನಿಂತಿರುತ್ತದೆ; ಹೂವಿಲ್ಲ, ಕಾಯಿಲ್ಲ. ಬರಿಗಣ್ಣಿಗೆ ಕಾಣದ ನುಸಿ ಅದನ್ನು ಹೊತ್ತು ತಿರುಗುತ್ತದೆ. ಹೀರೆ, ಹಾಗಲ, ಸವತೆ, ಕಲ್ಲಂಗಡಿ ಬಳ್ಳಿಗಳಲ್ಲೂ ಇದೇ ಆಟ. ಆದರೆ ಅಲ್ಲಿ ಕಳ್ಳ ಒಬ್ಬನಲ್ಲ.

ಮೊದಲು ಹೇನಿನ ಸಂಗತಿ ಕೇಳ್ರಿ. ಮೊಸಾಯಿಕ್ ನಂಜು ತಗುಲಿದ ಎಲೆಗೆ ಅದು ಒಮ್ಮೆ ಸೊಂಡಿಲು ಚುಚ್ಚಿದರೆ ಸಾಕು, ಕೆಲವೇ ಸೆಕೆಂಡುಗಳಲ್ಲಿ ನಂಜು ಬಾಯಿಗೆ ಹತ್ತುತ್ತದೆ. ಹಾರಿ ಹೋಗಿ ಮುಂದಿನ ಬಳ್ಳಿಯನ್ನು ರುಚಿ ನೋಡಿತೆಂದರೆ ಮುಗಿಯಿತು. ನೀವು ಹೊಡೆದ ಎಣ್ಣೆಯಿಂದ ಹೇನು ಸಾಯುತ್ತದೆ, ನಿಜ. ಆದರೆ ಸಾಯುವ ಮೊದಲೇ ನಂಜು ಇಳಿಸಿರುತ್ತದೆ. ನಂಜು ಹೊಕ್ಕ ಬಳ್ಳಿಯನ್ನು ವಾಸಿ ಮಾಡುವ ಔಷಧವಂತೂ ಯಾವ ಅಂಗಡಿಯಲ್ಲೂ ಇಲ್ಲ. ಅಂದಮೇಲೆ ವಾರಕ್ಕೊಂದು ಬಾಟಲಿ ಉದ್ರಿ ತಂದರೆ ಬೆಳೆಯುವುದು ಏನು? ಸಾಲದ ಚೀಟಿಯೊಂದೇ.

ಕಲ್ಲಂಗಡಿಯ ಕುಡಿ ಒಣಗಿಸುವ ನಂಜಿನ ದಾರಿ ಬೇರೆ. ಥ್ರಿಪ್ಸ್ ಹುಳು ಮರಿಯಾಗಿದ್ದಾಗ ಅದನ್ನು ಹೀರಿಕೊಂಡು, ದೊಡ್ಡದಾದ ಮೇಲೆ ಸಾಯುವತನಕ ಹಂಚುತ್ತದೆ. ಎಲೆ ಮುದುಡಿಸುವ ನಂಜನ್ನು ಬಿಳಿ ನೊಣ ದಿನಗಟ್ಟಲೆ ಹೊತ್ತಿರುತ್ತದೆ. ಈ ಎರಡಕ್ಕೆ ಸಸಿ ಎಳೆಯದಿದ್ದಾಗಲೇ ಕೀಟ ತಡೆದರೆ ಒಂದಿಷ್ಟು ಉಪಯೋಗವುಂಟು, ತಡವಾದರೆ ಇಲ್ಲ.

ನಾಲ್ಕನೆಯ ಕಳ್ಳ ನಾವೇ! ಸವತೆಯ ಹಸಿರು ಮಚ್ಚೆ ನಂಜು ಬೀಜದಲ್ಲಿ ಬಂದು, ಕುಡಿ ಚಿವುಟುವ ಕೈಯಲ್ಲಿ, ಕಾಯಿ ಕೊಯ್ಯುವ ಚಾಕುವಿನಲ್ಲಿ ಸಾಲಿನಿಂದ ಸಾಲಿಗೆ ಹೋಗುತ್ತದೆ.

ಮಾಡುವುದೇನು ಅಂತೀರಿ. ಬೀಜ ಊರುವ ಎರಡು-ಮೂರು ವಾರ ಮೊದಲೇ ಹೊಲದ ಸುತ್ತ ಮೂರು ಸಾಲು ಜೋಳ ಹಾಕ್ರಿ. ಹಾರಿ ಬಂದ ಹೇನು ಮೊದಲು ಜೋಳವನ್ನು ಚುಚ್ಚುತ್ತದೆ, ಬಾಯಿಯ ನಂಜು ಅಲ್ಲೇ ಒರೆಸಿಹೋಗುತ್ತದೆ. ಮಚ್ಚೆ ಕಂಡ ಮೊದಲ ಬಳ್ಳಿಯನ್ನು ಕರುಣೆಯಿಲ್ಲದೆ ಕಿತ್ತು ಹೂಳಬೇಕು. ಕಾಯಿ ಮುಗಿದ ಹಳೆಯ ಬಳ್ಳಿಯನ್ನು ಹೊಸ ಹೊಲದ ಪಕ್ಕ ಬಿಡಬಾರದು. ಇವಕ್ಕೆ ದುಡ್ಡಿಗಿಂತ ಮೈಬಗ್ಗುವುದೇ ಹೆಚ್ಚು ಬೇಕು. ಅದಕ್ಕೇ ಏನೋ, ಅಂಗಡಿಯವರು ಇದನ್ನು ಹೇಳುವುದಿಲ್ಲ.

ಇನ್ನು ಬೀಜದ ಮಾತು. 1966ರ ಬೀಜ ಕಾಯ್ದೆ ಮುಖ್ಯವಾಗಿ ಕೇಳಿದ್ದು ಮೊಳಕೆ ಎಷ್ಟು, ಶುದ್ಧತೆ ಎಷ್ಟು ಎಂದು. ತಪ್ಪು ಮಾಡಿದವರಿಗೆ ಅದು ಬರೆದ ಮೊದಲ ದಂಡ ಹೆಚ್ಚೆಂದರೆ 500 ರೂಪಾಯಿ! ಒಂದು ಎಕರೆ ಬಳ್ಳಿ ಕಳೆದುಕೊಂಡವನ ಮುಂದೆ ಈ ಅಂಕಿ ಇಟ್ಟು ನೋಡ್ರಿ. ಮಾರುವ ಮೊದಲು ಬೀಜದ ನಂಜು ಪರೀಕ್ಷೆಯಾಗಬೇಕು, ನಷ್ಟ ಮಾರಿದವನ ತಲೆಗೆ ಬರಬೇಕು ಎಂದು ನಾವು ಕೇಳಬೇಕಾಗಿದೆ. ಅಲ್ಲಿಯತನಕ ಬೀಜದ ಪೊಟ್ಟಣವನ್ನೂ ರಸೀದಿಯನ್ನೂ ಕೊನೆಯ ಕೊಯ್ಲಿನವರೆಗೆ ಜೋಪಾನವಾಗಿಡ್ರಿ. ರಸೀದಿ ಕೊಡದವನ ಹತ್ತಿರ ಬೀಜ ಕೊಳ್ಳಬ್ಯಾಡ್ರಿ, ಉದ್ರಿ ಕೊಟ್ಟರೂ ಬ್ಯಾಡ.