ಖಾಲಿ ಟ್ಯಾಂಕು ಖಾಲಿಯಲ್ಲ
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)

ಅಮೆರಿಕದ ನ್ಯೂಜೆರ್ಸಿ ಕಡೆ ಚಳಿ ಜಾಸ್ತಿ. ಮನೆ ಬೆಚ್ಚಗಿಡೋಕೆ ಎಣ್ಣೆ ಉರಿಸುತ್ತಿದ್ದರು. ಅದಕ್ಕಾಗಿ ಅಂಗಳದಲ್ಲಿ ಸಾವಿರ ಲೀಟರಿಗೂ ಮೇಲೆ ಹಿಡಿಯೋ ಉಕ್ಕಿನ ಟ್ಯಾಂಕು ಹೂಳುತ್ತಿದ್ದರು. ಆಮೇಲೆ ಎಷ್ಟೋ ಮನೆಗೆ ಗ್ಯಾಸ್ ಪೈಪು ಬಂತು. ಟ್ಯಾಂಕು ಮಣ್ಣಲ್ಲೇ ಉಳಿದು ತುಕ್ಕು ಹಿಡಿದು ಸೋರಿತು. ಈಗ ಅವನ್ನು ಕಿತ್ತು ತೆಗೀತಾರೆ.

ಅದು ನಮಗ್ಯಾಕೆ ಅಂತೀರಾ? ತೆಗೆಯೋ ಕ್ರಮ ಕೇಳಿ. ಮೊದಲು ಉಳಿದ ಎಣ್ಣೆಯನ್ನು ಪಂಪಿನಿಂದ ಹೀರ್ತಾರೆ. ಒಳಗಿನ ಆವಿ ಹೊರಹಾಕ್ತಾರೆ. ಮೀಟರು ಬಿಟ್ಟು ಗಾಳಿ ಪರೀಕ್ಷೆ ಮಾಡ್ತಾರೆ. ಆಮೇಲೆ ಕತ್ತರಿಸಿ, ತಳದ ರಾಡಿ ಬಳಿದು, ಯಂತ್ರದಿಂದ ಎತ್ತುತ್ತಾರೆ. ಕೊನೆಗೆ ಗುಂಡಿಯ ಮಣ್ಣನ್ನೂ ಪರೀಕ್ಷಿಸ್ತಾರೆ. ಅಲ್ಲಿ ಖಾಲಿ ಟ್ಯಾಂಕನ್ನೂ ಯಾರೂ ನಂಬೋದಿಲ್ಲ. ಗಾಳಿ ಪರೀಕ್ಷೆಯಾಗದೆ, ಹೊರಗೆ ಕಾವಲಿಗೆ ಒಬ್ಬನಿರದೆ ಇಂಥ ಅಪಾಯದ ಜಾಗಕ್ಕೆ ಕೆಲಸಗಾರನನ್ನು ಇಳಿಸಬಾರದು ಅಂತ ಅಲ್ಲಿನ ಕಾರ್ಖಾನೆಗಳಿಗೆ ನಿಯಮ ಬಂದದ್ದು 1993ರಲ್ಲಿ.

ಅದೇ 1993ರಲ್ಲಿ ನಮ್ಮ ದೇಶದಲ್ಲೂ ಒಂದು ಕಾಯ್ದೆ ಆಯಿತು: ಮನುಷ್ಯನ ಕೈಲಿ ಮಲ ಹೊರಿಸಬಾರದು ಅಂತ. ನಮ್ಮ ರಾಜ್ಯದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದಲ್ಲೇ, ತಲೆ ಮೇಲೆ ಮಲ ಹೊರೋದನ್ನು ನಿಷೇಧಿಸಿದ್ದರು. ಆದರೆ ರಕ್ಷಣೆಯಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಇಳಿಸೋದು ಅಪರಾಧ ಅಂತ ಕಾಯ್ದೆ ಹೇಳೋಕೆ 2013 ಬರಬೇಕಾಯಿತು. ಸತ್ತವನ ಮನೆಗೆ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರಲ್ಲಿ 30 ಲಕ್ಷ ಅಂದಿತು. ಹೆಣದ ಬೆಲೆ ಏರಿತು. ಇಳಿಯೋದು ನಿಂತಿತಾ?

ಅಲ್ಲಿ ಎಣ್ಣೆ ಟ್ಯಾಂಕಿಗೆ ಮೀಟರು ಇಳೀತದೆ. ಇಲ್ಲಿ ಕಕ್ಕಸು ಗುಂಡಿಗೆ ನಮ್ಮಣ್ಣ ಇಳೀತಾನೆ. ಕೈಗೊಂದು ಕ್ವಾರ್ಟರು, ಸೊಂಟಕ್ಕೊಂದು ಹಗ್ಗ. ಬಡತನ ಒಂದೇ ಕಾರಣ ಅಂತೀರಾ? ಬಡವರು ಎಲ್ಲಾ ಜಾತಿಯಲ್ಲೂ ಇದ್ದಾರೆ. ಗುಂಡಿ ತುಂಬಿದಾಗ ಹುಡುಕಿಕೊಂಡು ಬರೋದು ಮಾತ್ರ ನಮ್ಮ ಕೇರಿಗೇ.

ಗುಂಡಿಯ ವಿಷಗಾಳಿ ಗೊತ್ತಿರಲಿ. ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆ ನಾತ. ಗಾಳಿಗಿಂತ ಭಾರ, ತಳದಲ್ಲಿ ಕೂತಿರ್ತದೆ. ಜಾಸ್ತಿಯಾದರೆ ಮೂಗೇ ಸತ್ತುಹೋಗಿ ನಾತ ತಿಳಿಯೋದಿಲ್ಲ. ನಾತ ಹೋಯ್ತು ಅಂತ ಇಳಿದವನು ಅಲ್ಲೇ ಬೀಳ್ತಾನೆ. ಅವನನ್ನು ಎತ್ತೋಕೆ ತಮ್ಮ ಹಾರ್ತಾನೆ, ಅವನೂ ಬೀಳ್ತಾನೆ. ಒಂದೇ ಗುಂಡಿಯಿಂದ ಎರಡು ಮೂರು ಹೆಣ ಬರೋದು ಹೀಗೆ.

ಗೆಳೆಯರೇ, ನಮ್ಮ ಹಾಸ್ಟೆಲ್ಲಿಗೂ ಒಂದು ಗುಂಡಿಯಿದೆ. ಅದು ತುಂಬಿದಾಗ ಯಾರು ಬಂದರು ಅಂತ ನಾವು ಯಾವತ್ತಾದರೂ ಎದ್ದು ನೋಡಿದ್ದೀವಾ? ನಮ್ಮಪ್ಪನಂಥವನೇ ಇಳಿದಿದ್ದರೆ, ಒಳಗೆ ಕೂತು ನಾವು ಓದಿದ ಓದಿಗೆ ಏನರ್ಥ? ಇನ್ನು ಮೇಲೆ ವಾರ್ಡನ್ನಿಗೆ ನಾವೇ ಹೇಳೋಣ: ಸಕ್ಕಿಂಗ್ ಮೆಷಿನ್ ತರಿಸಿ, ಮನುಷ್ಯನನ್ನು ಇಳಿಸಬೇಡಿ. ಕೇಳದಿದ್ದರೆ ಎಲ್ಲರೂ ಸೇರಿ ಬರೆದುಕೊಡೋಣ. ಆಗಲೂ ಇಳಿಸಲು ಬಂದರೆ ಗುಂಡಿಯ ಮುಚ್ಚಳದ ಮೇಲೆ ಹೋಗಿ ಕೂರೋಣ.

ಜೈ ಭೀಮ್.